ಅವ್ವನ ಮುಖಕ್ಕೆ ಬಂದ ಕಳೆ

ಔಷಧ ಅಂಗಡಿಗಳ ತಪಾಸಣೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಮುಂದಿನ ಸೋಮವಾರದಿಂದ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ತಾವು ನಡೆಸಲಿರುವ ವಿಶೇಷ ದಾಳಿಯಿಂದ ಯಾರು ಯಾರ ಜೀವಕ್ಕೆ ಅಪಾಯವಿದೆ ಎಂಬ ಪಟ್ಟಿಯೊಂದು ನನ್ನ ಬಳಿ ಇದೆ. ಅದರಲ್ಲಿ ಹನ್ನೊಂದು ಹೆಸರುಗಳಿವೆ. ಹನ್ನೊಂದೂ ಹೆಂಗಸರದು. ಅವರಲ್ಲಿ ಒಬ್ಬರೂ ಔಷಧ ಅಂಗಡಿ ಇಟ್ಟವರಲ್ಲ, ಎಲ್ಲರೂ ನಮ್ಮೂರಿನ ಈರುಳ್ಳಿ ಹೊಲಗಳಲ್ಲಿ ಕಳೆ ಕೀಳುವವರು.

ದಯವಿಟ್ಟು ಇದನ್ನು ಬೆದರಿಕೆಯೆಂದು ಓದಬೇಡಿ. ಇಳಿಯಬೇಕೆಂದು ಕಂಡಕ್ಟರಿಗೆ ಕೂಗಿ ಹೇಳಲು ಅಳುಕಿ, ಮುಂದಿನ ಸ್ಟಾಪಿನಲ್ಲಿ ಯಾರಾದರೂ ಇಳಿಯುವಾಗ ಅವರ ಹಿಂದೆ ಇಳಿದು ನಡೆದು ಬರುವವಳು ನಾನು. ತರೀಕೆರೆಯಲ್ಲಿ ಓದಿ ಕನ್ನಡ ಸಾಹಿತ್ಯದಲ್ಲಿ ಪದವಿ ಪಡೆದಿದ್ದೇನೆ, ಅದರಿಂದ ಈವರೆಗೆ ಯಾರಿಗೂ ಉಪಯೋಗವಾಗಿಲ್ಲ. ಕಳೆದ ವರ್ಷ ತಾವು ಇದೇ ರೀತಿ ದಾಳಿ ಮಾಡಿದ ವಾರ ನಮ್ಮ ಕೇರಿಯಲ್ಲಿ ಏನಾಯಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ, ಅದನ್ನು ತಮಗೆ ತಿಳಿಸುವವರು ಯಾರೂ ಇರಲಿಲ್ಲವೆಂದು ಈಗ ಬರೆಯುತ್ತಿದ್ದೇನೆ.

ನಾನು ಅಂಗಡಿಯವರ ಪರವಾಗಿಲ್ಲ. ದಾಳಿ ಬೇಡವೆಂದೂ ಹೇಳುತ್ತಿಲ್ಲ. ಆದರೆ ದಾಳಿಗೆ ದಿನ ಗೊತ್ತುಮಾಡಿ, ಅದನ್ನು ಪತ್ರಿಕೆಯ ಸ್ಥಳೀಯ ಪುಟದಲ್ಲಿ ಲಗ್ನಪತ್ರಿಕೆಯಂತೆ ಹಂಚಿ, "ಯಾರನ್ನೂ ಬಿಡುವುದಿಲ್ಲ" ಎಂದು ಹೇಳಿಕೆ ಕೊಡುವ ತಮ್ಮ ಕ್ರಮವನ್ನು ನೋಡಿದರೆ, ಅಂಗಡಿಯವರು ಎಲ್ಲಿ ಸಿಕ್ಕಿಬಿಡುತ್ತಾರೋ ಎಂಬ ಚಿಂತೆ ತಮಗೇ ಹೆಚ್ಚಾಗಿರುವಂತೆ ಕಾಣುತ್ತದೆ.

ಮೊದಲು "ಸೆಟ್" ಎಂದರೇನು ಎಂದು ಹೇಳಬೇಕು. ತಮಗೆ ಗೊತ್ತಿರಲೇಬೇಕು, ಆದರೂ ಕಡತಗಳಲ್ಲಿ ಆ ಪದ ಇರುವುದು ಅನುಮಾನ. ನಮ್ಮ ಕಡೆ ಮೈಕೈ ನೋವು, ಮಂಡಿ ನೋವು, ಸುಸ್ತು ಎಂದು ಯಾರಾದರೂ ಮೆಡಿಕಲ್ ಶಾಪಿನ ಮುಂದೆ ನಿಂತರೆ "ಒಂದ್ ಸೆಟ್ ಕೊಡಿ" ಎಂದರೆ ಸಾಕು. ಡಾಕ್ಟರ ಚೀಟಿ ಬೇಡ. ಒಂದು ಬಿಳಿ ಮಾತ್ರೆ, ಒಂದು ಹಳದಿ ಮಾತ್ರೆ, ಸಾಸಿವೆಗಿಂತ ತುಸು ದೊಡ್ಡದಾದ ಒಂದು ಹಸಿರು ಮಾತ್ರೆ. ಇವನ್ನು ಶೀಟಿನಿಂದ ಬಿಡಿಸಿ, ಚಿಕ್ಕ ಕಾಗದದ ಪೊಟ್ಟಣಕ್ಕೆ ಹಾಕಿ ಕೊಡುತ್ತಾರೆ. ಹೆಸರಿದ್ದ ಶೀಟು ಅಂಗಡಿಯ ಬುಟ್ಟಿಯಲ್ಲಿ ಉಳಿಯುತ್ತದೆ, ಹೆಸರಿಲ್ಲದ ಮಾತ್ರೆ ನಮ್ಮ ಮನೆಗೆ ಬರುತ್ತದೆ. "ಏನಾದ್ರೂ ತಿಂದು ತಗೊಳ್ಳಿ" ಎಂಬುದಷ್ಟೇ ಸೂಚನೆ. ಬೆಳಿಗ್ಗೆ ಏಳಕ್ಕೆ ಆಳು ಕರೆದೊಯ್ಯುವ ಟೆಂಪೊ ಬಂದು ನಿಲ್ಲುವುದರಿಂದ, ಆ "ಏನಾದ್ರೂ" ಎಂಬುದು ಒಂದು ಲೋಟ ಟೀ, ಎರಡು ಕ್ರೀಂ ಬಿಸ್ಕತ್ತು ಆಗಿರುತ್ತದೆ. ಅರ್ಧ ಗಂಟೆಯಲ್ಲಿ ನೋವು ಇರುವುದಿಲ್ಲ. ಸೆಟ್ ತಗೊಂಡೆ, ಸೆಟ್ ಆದೆ ಎಂದು ನಗುತ್ತಾರೆ.

ನನ್ನ ಅವ್ವ ಹುಲಿಯಮ್ಮ ಮೂವತ್ತು ವರ್ಷದಿಂದ ಈರುಳ್ಳಿ ಹೊಲದಲ್ಲಿ ಕಳೆ ಕೀಳುತ್ತಾಳೆ. ಕಳೆ ಕೀಳುವುದೆಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಕ್ಕರಗಾಲಿನಲ್ಲಿ ಕೂತು, ಏಳದೆ, ಸಾಲಿನಗುಂಟ ತೆವಳುವುದು. ಮಂಡಿ ಹಿಡಿದುಕೊಂಡಾಗ ಅವ್ವ ಮೊದಲು ಸೀದಾ ಆಸ್ಪತ್ರೆಗೇ ಹೋಗಿದ್ದಳು. ಅಲ್ಲಿನ ವೈದ್ಯರು ಸರಿಯಾಗಿಯೇ ಹೇಳಿದರು, ಮಂಡಿಗೆ ಮೂರು ವಾರ ವಿಶ್ರಾಂತಿ ಕೊಡಬೇಕು, ಕುಕ್ಕರಗಾಲಿನಲ್ಲಿ ಕೂರಲೇಬಾರದು ಎಂದು. ಅದೇ ವಾರ ಹೊಲದ ಯಜಮಾನ ಈರಭದ್ರಪ್ಪನವರು ಅರ್ಧ ಹೊಲಕ್ಕೆ ಕಳೆನಾಶಕ ಹೊಡೆಸಿದ್ದರು. "ಔಷಧಿ ಹೊಡುಸಿದ್ರೆ ಅರ್ಧ ದಿನದ ಕೆಲ್ಸ. ನೀವು ಮೂರು ದಿನ ಕುಂತಿರ್ತೀರ" ಎಂದು ಸಾಲಿನ ತುದಿಯಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ ಹೇಳಿದರಂತೆ. ನಮ್ಮ ಕಡೆ ಹೊಲಕ್ಕೆ ಹೊಡೆಯುವ ವಿಷಕ್ಕೂ ಔಷಧಿ ಎಂದೇ ಹೆಸರು, ತಮಗೂ ಗೊತ್ತಿರಬಹುದು. ಆ ಔಷಧಿಯ ವೇಗಕ್ಕೆ ಸರಿಯಾಗಿ ಓಡಲು ಅವ್ವನ ಮಂಡಿಗೆ ಈ ಔಷಧಿ ಬೇಕಾಯಿತು. ಆಳು ಕರೆಯುವ ತೀರ್ಥಮ್ಮತ್ತೆ ತನ್ನ ಸೆರಗಿನ ಗಂಟಿನಿಂದ ಒಂದು ಪೊಟ್ಟಣ ಬಿಚ್ಚಿ ಕೊಟ್ಟಳು. ಅವ್ವ ಅಂದು ಎಲ್ಲರಿಗಿಂತ ಎರಡು ಸಾಲು ಮುಂದಿದ್ದಳು.

ಜನ ಸೋಮಾರಿಗಳಾಗಿದ್ದಾರೆ, ಎಲ್ಲದಕ್ಕೂ ದಿಢೀರ್ ಪರಿಹಾರ ಕೇಳುತ್ತಾರೆ ಎಂದು ತಾವು ಕಳೆದ ವರ್ಷ ಕಾಲೇಜೊಂದರ ಕಾರ್ಯಕ್ರಮದಲ್ಲಿ ಭಾಷಣ ಮಾಡಿದಿರಿ. ಹಿಂದಿನ ಬೆಂಚಿನಲ್ಲಿ ನಾನೂ ಕೂತಿದ್ದೆ. ಕೇಳಬೇಕೆಂದುಕೊಂಡ ಪ್ರಶ್ನೆಯನ್ನು ಆಗ ಕೇಳಲಾಗಲಿಲ್ಲ, ಈಗ ಕೇಳುತ್ತೇನೆ. ನಿಧಾನದ ಪರಿಹಾರವನ್ನು ಈ ಹೆಂಗಸರಿಗೆ ಯಾರು ಯಾವಾಗ ಕೊಟ್ಟಿದ್ದರು, ಅವರು ಬೇಡವೆನ್ನಲು?

ಮೊದಲ ತಿಂಗಳು ಕಳೆಯುವ ಹೊತ್ತಿಗೆ ಸೆಟ್ ದಿನಕ್ಕೊಂದಾಯಿತು. ಕಾಲೇಜಿಗೆ ಹೋಗುವ ಬಸ್ಸು ಹಿಡಿಯಲು ನಾನು ಅಜ್ಜಂಪುರದ ಬಸ್ ನಿಲ್ದಾಣಕ್ಕೆ ದಿನವೂ ಬರುತ್ತಿದ್ದುದರಿಂದ ವಾರದ ಪೊಟ್ಟಣಗಳನ್ನು ತರುವ ಕೆಲಸ ನನ್ನದಾಯಿತು. ನಿಜ ಹೇಳಬೇಕೆಂದರೆ ಆ ಕೆಲಸ ನನಗೆ ಇಷ್ಟವಾಗಿತ್ತು. ಅಂಗಡಿಯಲ್ಲಿ ಜನ ತುಂಬಿರುತ್ತಿದ್ದರು. ಸಂಕೋಚದವರಿಗೆ "ಸೆಟ್" ಎಷ್ಟು ಅನುಕೂಲದ ಪದ ಎಂದರೆ, ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಇರಲಿಲ್ಲ. ಖಾಲಿ ಪೊಟ್ಟಣವನ್ನು ಗಾಜಿನ ಮೇಜಿನ ಮೇಲೆ ಸರಿಸಿದರೆ ತುಂಬಿದ ಪೊಟ್ಟಣಗಳು ಸರಿದು ಬರುತ್ತಿದ್ದವು. ಕಾಲೇಜಿನಲ್ಲಿ ಒಂದು ಹಳೆಯ ಪದ್ಯದ ಒಂದು ಪದಕ್ಕೆ ನಾಲ್ಕು ಅರ್ಥ ಹುಡುಕುತ್ತಿದ್ದೆ. ಚೀಲದಲ್ಲಿದ್ದ ಪೊಟ್ಟಣದ ಪದಕ್ಕೆ ಅರ್ಥವೇನೆಂದು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಆರು ತಿಂಗಳಲ್ಲಿ ಅವ್ವನ ಮುಖ ಬದಲಾಯಿತು. ಒಳಸೇರಿದ್ದ ಕೆನ್ನೆ ತುಂಬಿಕೊಂಡು ಗುಂಡಗಾಯಿತು, ಬಿಸಿಲಿಗೆ ಸುಕ್ಕುಗಟ್ಟಿದ್ದ ಚರ್ಮ ಬಿಗಿದು ಮಿರುಗತೊಡಗಿತು. ಟೆಂಪೊದಲ್ಲಿ ಅದೇ ಮಾತು.

"ಏನ್ ಹುಲಿಯಮ್ಮ, ಮಗಳಿಗಿಂತ ಮುಂಚೆ ನೀನೇ ಮದ್ಲಗಿತ್ತಿ ಆಗಂಗಿದೀಯಲ್ಲೇ!"

"ಮುಖದಾಗೆ ಏನ್ ಕಳೆ ಬಂದೈತೆ ಕಣೇ, ಯಾವ ಗಿರಣಿ ಅಕ್ಕಿ ಉಣ್ತೀಯ?"

ಅವ್ವ ನಾಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ತೀರ್ಥಮ್ಮತ್ತೆಯ ಮುಖಕ್ಕೂ ಕಳೆ ಬಂತು, ಪಕ್ಕದ ಮನೆಯ ಯಲ್ಲಮ್ಮಜ್ಜಿಯ ಮುಖಕ್ಕೂ ಬಂತು. ಮಾನ್ಯರೇ, ಕನ್ನಡದಲ್ಲಿ ಮುಖದ ಹೊಳಪಿಗೂ ಕಳೆ ಎನ್ನುತ್ತೇವೆ, ಬೆಳೆಯ ಸಾರ ಹೀರುವ ಹುಲ್ಲಿಗೂ ಕಳೆ ಎನ್ನುತ್ತೇವೆ. ಇದು ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ, ನಾನು ಸರಿಯಾಗಿ ಬರೆದು ಅಂಕ ಪಡೆದಿದ್ದೆ. ಮೂವತ್ತು ವರ್ಷ ಕಳೆ ಕಿತ್ತ ಹೆಂಗಸಿನ ಮುಖದಲ್ಲೇ ಅದು ಬೇರು ಬಿಡುತ್ತಿದ್ದಾಗ ಮಾತ್ರ, ಊರಿಗೆ ಊರೇ ಹೊಗಳುತ್ತಿತ್ತು. ನಾನೂ ಹಿಗ್ಗಿದೆ.

ಕಂಡೂ ಓದಲಾಗದ ಬೇರೆ ಗುರುತುಗಳೂ ಇದ್ದವು. ಬಳೆ ತಗುಲಿದರೂ ಅವ್ವನ ಮುಂಗೈಯಲ್ಲಿ ನೇರಳೆ ಬಣ್ಣದ ಕಲೆ ಏಳುತ್ತಿತ್ತು. ಮುಖ ತುಂಬಿಕೊಂಡವಳ ತೊಡೆಗಳು ಕಡ್ಡಿಯಾಗುತ್ತಿದ್ದವು, ಕುಕ್ಕರಗಾಲಿನಿಂದ ಏಳುವಾಗ ನೆಲಕ್ಕೆ ಎರಡೂ ಕೈ ಊರುತ್ತಿದ್ದಳು. ಕೊಡಪಾನದ ನೀರು ಅವಳೊಬ್ಬಳಿಗೇ ಸಂಜೆಯೊಳಗೆ ಮುಗಿಯುತ್ತಿತ್ತು. "ವಯಸ್ಸಾತಲ್ಲವ್ವ" ಎನ್ನುತ್ತಿದ್ದಳು. ವಯಸ್ಸಾದವಳ ಮುಖದಲ್ಲಿ ಒಂದು ಸುಕ್ಕೂ ಇಲ್ಲದಿರುವುದು ನಮಗೆ ಯಾರಿಗೂ ವಿಚಿತ್ರವೆನಿಸಲಿಲ್ಲ.

ಕಳೆದ ಆಷಾಢದ ಒಂದು ಮಂಗಳವಾರ ತಮ್ಮ ಜೀಪು ಕಡೂರಿಗೆ ಬಂತು. ಅದು ತರೀಕೆರೆ ತಲುಪುವ ಮೊದಲೇ "ಸ್ಕ್ವಾಡ್ ಬಂದೈತೆ" ಎಂಬ ಮಾತು ಫೋನಿನಲ್ಲಿ ಅಜ್ಜಂಪುರ ತಲುಪಿತ್ತು. ನಾನು ಬಸ್ ಇಳಿದಾಗ ನಾವು ಸೆಟ್ ತರುವ ಅಂಗಡಿಯ ಬಾಗಿಲು ಹಾಕಿತ್ತು. ಬಾಗಿಲ ಮೇಲೆ ಒಂದು ಚೀಟಿ: "ಮನೆಯಲ್ಲಿ ಶುಭಕಾರ್ಯದ ಪ್ರಯುಕ್ತ ಅಂಗಡಿಗೆ ರಜೆ." ಎದುರಿನ ಅಂಗಡಿಯಲ್ಲೂ ಅದೇ ಒಕ್ಕಣೆ. ಆಷಾಢದಲ್ಲಿ ಯಾರ ಮನೆಯಲ್ಲೂ ಶುಭಕಾರ್ಯ ಮಾಡುವುದಿಲ್ಲವೆಂದು ತೊಟ್ಟಿಲ ಕೂಸಿಗೂ ಗೊತ್ತು. ತಮ್ಮ ಜೀಪಿನವರು ಆ ಚೀಟಿ ಓದಿ, ಹಿಂದಿರುಗಿದರು. ಅಂಗಡಿಗಳು ಆರು ದಿನ ಮುಚ್ಚಿದ್ದವು. ಸೆಟ್ ಕೊಡದ, ನಿಯತ್ತಿನ ಒಂದೇ ಒಂದು ಅಂಗಡಿ ತೆರೆದಿತ್ತು, ಅದನ್ನು ತಾವು ಎರಡು ಗಂಟೆ ಕಾಲ ತಪಾಸಣೆ ಮಾಡಿದಿರಿ.

ಅವ್ವನಿಗೆ ಪೊಟ್ಟಣ ತಪ್ಪಿ ಮೂರನೆಯ ದಿನ. ಬೆಳಿಗ್ಗೆಯಿಂದ ವಾಂತಿ, ಹೊಟ್ಟೆ ಹಿಂಡುವ ನೋವು. "ಒಂದೆರಡು ದಿನ ಸೆಟ್ ಇಲ್ದೆ ಇದ್ರೆ ಮೈ ಹಗುರ ಆಗ್ತದೆ ಬುಡು" ಎಂದು ಹೊಲಕ್ಕೆ ಹೋದಳು. ಹನ್ನೊಂದು ಗಂಟೆಗೆ ಸಾಲಿನ ನಡುವೆ ಮುಖ ಅಡಿಯಾಗಿ ಬಿದ್ದಳು. ನಾನು ಓಡಿ ಹೋದಾಗ ಬಿಸಿಲಿನಲ್ಲೂ ಅವಳ ಕೈ ತಣ್ಣಗಿತ್ತು. ಗಾಳಿ ಸೋಕಿದೆ ಎಂದರು ಒಬ್ಬರು. ಟೆಂಪೊದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದೆವು, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ದಾರಿಯುದ್ದಕ್ಕೂ ಕಣ್ಣು ಬಿಡದೆ ಅವ್ವ ಒಂದೇ ಮಾತು ಹೇಳುತ್ತಿದ್ದಳು. "ಲೇ, ಸೆಟ್ ತರ್ಲಿಲ್ವೇನೇ?"

ಶಿವಮೊಗ್ಗದಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದ ವೈದ್ಯೆಯೊಬ್ಬರು ಅವ್ವನ ಮುಖ ನೋಡಿದ ಕೂಡಲೇ ನನ್ನ ಕಡೆ ತಿರುಗಿದರು.

"ಯಾವ ಮಾತ್ರೆ ತಗೊಳ್ತಾ ಇದ್ರು?"

"ಸೆಟ್" ಎಂದೆ.

"ಅಂದ್ರೆ?"

ಎರಡು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಅವರು. ಬಣ್ಣಗಳನ್ನು ಹೇಳಿದೆ. ಹಸಿರು ಎಂದಾಗ ಅವರು ನರ್ಸಿಗೆ ಯಾವುದೋ ಇಂಜೆಕ್ಷನ್ನಿನ ಹೆಸರು ಕೂಗಿದರು. ಅವ್ವ ಕಣ್ಣು ಬಿಟ್ಟ ಮೇಲೆ ನನ್ನನ್ನು ಹೊರಗೆ ಕೂರಿಸಿಕೊಂಡು ವಿವರಿಸಿದರು. ಆ ಹಸಿರು ಮಾತ್ರೆ ಸ್ಟೀರಾಯ್ಡ್ ಇರಬೇಕು ಎಂದರು. ನಮ್ಮ ಮೂತ್ರಪಿಂಡಗಳ ಮೇಲೆ ಒಂದೊಂದು ಪುಟ್ಟ ಗ್ರಂಥಿ ಇದೆಯಂತೆ, ಮೈಗೆ ಕಷ್ಟ ಬಂದಾಗ ತಡೆದುಕೊಳ್ಳುವ ಶಕ್ತಿ ಕೊಡುವುದು ಅದೇ. ಹೊರಗಿನಿಂದ ದಿನವೂ ಮಾತ್ರೆ ಬರತೊಡಗಿದರೆ ಅದು ಕೆಲಸ ಬಿಟ್ಟು ಮಲಗುತ್ತದೆ. ಮಾತ್ರೆ ಒಮ್ಮೆಲೇ ನಿಂತರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. "ಈಗ ಅದನ್ನೇ ಕೊಟ್ಟು ಉಳಿಸಿದೀನಿ. ಇನ್ಮೇಲೆ ಲೆಕ್ಕ ಇಟ್ಟು ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ ಬರಬೇಕು. ತಿಂಗಳುಗಟ್ಟಲೆ ಆಗುತ್ತೆ. ನೀವಾಗೇ ಒಂದು ದಿನ ಕೂಡ ನಿಲ್ಲಿಸ್ಬೇಡಿ" ಎಂದರು. ಮುಖದ ಬಗ್ಗೆ ಕೇಳಿದೆ. "ಅದು ಊತ ಕಣಮ್ಮ" ಎಂದರು.

ನಾವು ಊರಿಗೆ ಮರಳಿದಾಗ ಪಕ್ಕದ ಮನೆಯ ಮುಂದೆ ಬೆಂಕಿಯ ಬೂದಿ ಇತ್ತು. ಯಲ್ಲಮ್ಮಜ್ಜಿ ಪೊಟ್ಟಣ ತಪ್ಪಿದ ಐದನೆಯ ದಿನ, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಒರಗಿ ಪ್ರಾಣ ಬಿಟ್ಟಳಂತೆ. ಎರಡು ದಿನದಿಂದ ವಾಂತಿಯಿತ್ತಂತೆ. ಆಸ್ಪತ್ರೆಗೆ ಒಯ್ಯಲಿಲ್ಲ, ಆದ್ದರಿಂದ ಯಾವ ಕಾಗದದಲ್ಲೂ ಕಾರಣ ಇಲ್ಲ. ನಾನು ವೈದ್ಯಳಲ್ಲ, ಅದು ಸೆಟ್ ತಪ್ಪಿದ್ದರಿಂದಲೇ ಆಯಿತೆಂದು ಸಾಬೀತು ಮಾಡಲಾರೆ. "ಮುಖ ನೋಡ್ಬೇಕಿತ್ತವ್ವ, ಸತ್ರೂ ಏನ್ ಕಳೆ ಇತ್ತು" ಎಂದು ಅವಳ ಮಗಳು ನನ್ನನ್ನು ತಬ್ಬಿಕೊಂಡು ಅತ್ತಳು.

ಆ ವಾರದ ಪತ್ರಿಕೆಯಲ್ಲಿ "ಕಾರ್ಯಾಚರಣೆ ಯಶಸ್ವಿ" ಎಂದು ಬಂದಿತ್ತು. ಕಡೂರಿನ ಅಂಗಡಿಗಳಲ್ಲಿ ವಶಪಡಿಸಿಕೊಂಡ ಪೆಟ್ಟಿಗೆಗಳ ಹಿಂದೆ ತಾವು ನಿಂತಿದ್ದ ಚಿತ್ರ. ಏಳನೆಯ ದಿನ ಶುಭಕಾರ್ಯ ಮುಗಿಸಿಕೊಂಡು ಅಂಗಡಿಗಳು ತೆರೆದವು. ಮೊದಲ ದಿನ ಬಸ್ ನಿಲ್ದಾಣದವರೆಗೆ ಸಾಲು ನಿಂತಿತ್ತು.

ಮಾನ್ಯರೇ, ಅವ್ವ ಮಂಡಿಯ ನೋವಿಗೆ ಸೆಟ್ ನುಂಗಿದಳು. ಈರಭದ್ರಪ್ಪನವರು ಹೊಲದ ಕಳೆಗೆ ವಿಷ ಹೊಡೆಸಿದರು. ಮಾತಾಡುವ ಕಷ್ಟ ತಪ್ಪಿಸಿಕೊಳ್ಳಲು ನಾನು ಖಾಲಿ ಪೊಟ್ಟಣ ಸರಿಸಿದೆ. ತಾವು ದಾಳಿ ಮಾಡಿದಿರಿ. ಇದರಲ್ಲಿ ತಮ್ಮದು ಮಾತ್ರ ಬೇರೆ ಜಾತಿಯದು ಎಂದು ಹೇಗೆ ನಂಬಲಿ? ಅರ್ಧ ಗಂಟೆಯಲ್ಲಿ ನೋವು ಮಾಯವಾಗಬೇಕು ಎನ್ನುವ ಕೂಲಿ ಹೆಂಗಸನ್ನು ತಾವು ಭಾಷಣದಲ್ಲಿ ಬೈಯುತ್ತೀರಿ. ಎರಡು ವರ್ಷದಿಂದ ಒಂದು ಊರಿನ ರಕ್ತದಲ್ಲಿ ಸೇರಿದ್ದನ್ನು ಒಂದು ಮಂಗಳವಾರ ಜೀಪಿನಲ್ಲಿ ಬಂದು ಕಿತ್ತುಹಾಕುತ್ತೇನೆ ಎನ್ನುವವರನ್ನು ಯಾರು ಬೈಯಬೇಕು? ಅಂಗಡಿಯ ಪೆಟ್ಟಿಗೆಗಳನ್ನು ಎಣಿಸಿದಿರಿ. ಆ ಪೆಟ್ಟಿಗೆಗಳಿಂದ ಈಗಾಗಲೇ ಹೊರಗೆ ಹೋದದ್ದು ಯಾರ ಮೈಯಲ್ಲಿದೆ ಎಂದು ಒಬ್ಬರಾದರೂ ಕೇಳಿದರೇ?

ಮೊನ್ನೆ ತಮ್ಮ ಹೊಸ ಪ್ರಕಟಣೆ ಓದಿದ ಮೇಲೆ ನಾನೇ ಹೊಲಕ್ಕೆ ಹೋದೆ. ಹತ್ತೊಂಬತ್ತು ಹೆಂಗಸರು ಸಾಲಿನಲ್ಲಿ ಕೂತಿದ್ದರು. ಅಷ್ಟು ಜನರೆದುರು ನಿಂತು ಮಾತಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಸೆಟ್ ತಗೊಳ್ಳಬೇಡಿ, ಆದರೆ ತಗೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಲೂಬೇಡಿ, ಡಾಕ್ಟರ ಹತ್ತಿರ ಹೋಗಿ ಎಂದು ತೊದಲಿದೆ. ತೀರ್ಥಮ್ಮತ್ತೆ ಕುಡುಗೋಲು ಕೆಳಗಿಟ್ಟಳು.

"ತಗಬೇಡಿ ಅಂತೀಯ, ನಿಲ್ಲುಸ್ಬೇಡಿ ಅಂತೀಯ. ಒಂದ್ಕಡೆ ನಿಂತ್ಕಂಡು ಮಾತಾಡವ್ವ ತಾಯಿ. ಓದಿರೋ ಹುಡ್ಗಿ ನೀನು."

ಎಲ್ಲರೂ ನಕ್ಕರು. ಹಿಂದಿನಿಂದ ಇನ್ನೊಬ್ಬಳು ಕೂಗಿದಳು. "ಅಂಗಡಿ ಮುಚ್ತಾರೆ ಅಂತ ನಮ್ಗೂ ಗೊತ್ತು ಕಣವ್ವ. ಅದ್ಕೇ ಈಗ್ಲಿಂದ್ಲೇ ದಿನಾ ಎರಡೆರಡು ತಗತಾ ಇದೀವಿ. ಮೈಯಾಗೆ ಸೇರ್ಕಂಡಿರ್ತದೆ, ಸೋಮ್ವಾರ್ದಿಂದ ಒಂದ್ವಾರ ಸಾಲ್ತದೆ."

ಈರುಳ್ಳಿಯನ್ನು ಬೆಲೆ ಬರುವವರೆಗೆ ಕೊಟ್ಟಿಗೆಯಲ್ಲಿ ಕೂಡಿಡುವ ಊರು ನಮ್ಮದು. ಮಾತ್ರೆಯನ್ನೂ ಮೈಯಲ್ಲಿ ಹಾಗೇ ಕೂಡಿಡಬಹುದೆಂದು ಅವರು ನಂಬಿದ್ದಾರೆ. ಅದು ಹಾಗಲ್ಲ ಎಂದು ಎಷ್ಟು ಹೇಳಿದರೂ ನನ್ನ ಮಾತಿಗೆ ತೂಕ ಬರಲಿಲ್ಲ. ತಮ್ಮ ಪ್ರಕಟಣೆಯ ಮೊದಲ ಫಲ ಇದು, ಮಾನ್ಯರೇ. ದಾಳಿ ಇನ್ನೂ ಶುರುವಾಗಿಲ್ಲ, ಸೆಟ್ಟಿನ ಬಳಕೆ ಎರಡರಷ್ಟಾಗಿದೆ. ಈ ಸಲವೂ ಆಷಾಢವೇ. ಶುಭಕಾರ್ಯದ ಚೀಟಿಗಳು ಅಂಗಡಿಗಳ ಡ್ರಾಯರಿನಲ್ಲಿ ಸಿದ್ಧವಾಗಿರಬಹುದು.

ಸಾಲಿನಗುಂಟ ನಡೆದು ಒಂದೊಂದೇ ಮುಖ ನೋಡಿದೆ. ಹನ್ನೊಂದು ಮುಖಗಳಿಗೆ ಕಳೆ ಬಂದಿದೆ. ಹನ್ನೊಂದೂ ದುಂಡಗಿದ್ದವು, ಮಿರುಗುತ್ತಿದ್ದವು, ನನ್ನನ್ನು ನೋಡಿ ನಗುತ್ತಿದ್ದವು. ಬರುವಾಗ ತೀರ್ಥಮ್ಮತ್ತೆ ದಾರಿಯವರೆಗೆ ಬಂದಳು. ನಗು ಇರಲಿಲ್ಲ. ಎದ್ದು ಬರಲು ಅವಳಿಗೆ ಇನ್ನೊಬ್ಬಳ ಭುಜ ಬೇಕಾಯಿತು.

"ನಿಮ್ಮವ್ವನ್ನ ನಾನೇ ಹಾಳು ಮಾಡ್ದೆ ಅಂದ್ಕಂಡಿದೀಯೇನೋ. ಇರ್ಲಿ. ಆಪೀಸರ್‌ಗೆ ಒಂದ್ ಕಾಗ್ದ ಬರಿ. ಜೀಪ್ ತರೋದಾದ್ರೆ ಅಂಗಡಿ ತಾವ ನಿಲ್ಲುಸ್ಬೇಡಿ, ಹೊಲದ ತಾವ ನಿಲ್ಸಿ ಅಂತ ಬರಿ."

ಆದ್ದರಿಂದ ನನ್ನ ಒತ್ತಾಯ ಅವಳದೇ. ಸೋಮವಾರಕ್ಕೆ ಇನ್ನು ಎಂಟು ದಿನವಿದೆ. ಅದಕ್ಕೆ ಮೊದಲು ಒಬ್ಬ ವೈದ್ಯರನ್ನು ಕರೆದುಕೊಂಡು ಹೊಲಕ್ಕೆ ಬನ್ನಿ, ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಬದುವಿನ ಬೇವಿನ ಮರದ ಕೆಳಗೆ ಸಿಗುತ್ತಾರೆ. ಯಾರು ಎಷ್ಟು ದಿನದಿಂದ ನುಂಗುತ್ತಿದ್ದಾರೆಂದು ಕೇಳಿ ಬರೆದುಕೊಳ್ಳಿ. ಅವರಿಗೆ ಬೇಕಾದ ಮಾತ್ರೆ, ಹೆಸರಿರುವ ಶೀಟಿನಲ್ಲಿ, ವೈದ್ಯರ ಚೀಟಿಯ ಮೇಲೆ, ಇಳಿಸುತ್ತ ಇಳಿಸುತ್ತ ತಿಂಗಳುಗಟ್ಟಲೆ ಸಿಗುವ ವ್ಯವಸ್ಥೆ ಮಾಡಿ. ಅದಾದ ಮೇಲೆ ದಾಳಿ ಮಾಡಿ, ಯಾರಿಗೂ ಹೇಳದೆ ಮಾಡಿ, ಬಾಗಿಲ ಮೇಲೆ ಚೀಟಿ ಕಂಡರೆ ಬಾಗಿಲು ತೆಗೆಸಿ. ಚಿತ್ರ ತೆಗೆಸಿಕೊಳ್ಳಲು ಬೇವಿನ ಮರದ ಕೆಳಗೆ ಪೆಟ್ಟಿಗೆಗಳು ಇರುವುದಿಲ್ಲ, ಕ್ಷಮಿಸಿ.

ಅವ್ವನ ಮಾತ್ರೆ ಈಗ ಕಾಲು ಭಾಗಕ್ಕೆ ಇಳಿದಿದೆ. ಕೆನ್ನೆ ಮತ್ತೆ ಒಳಸೇರುತ್ತಿದೆ, ಸುಕ್ಕುಗಳು ಒಂದೊಂದಾಗಿ ಮರಳುತ್ತಿವೆ. "ಆಸ್ಪತ್ರೆಗೆ ಹೋಗ್ಬಂದು ಕಳೇನೇ ಹೋಯ್ತಲ್ಲೇ ಹುಲಿಯಮ್ಮ" ಎಂದು ಕೇರಿಯವರು ಮರುಗುತ್ತಾರೆ. "ಹೋಗ್ಲಿ ಬುಡ್ರವ್ವ, ಕೀಳೋಳಿಗೆ ಗೊತ್ತು ಬೇರು ಎಲ್ಲಿತ್ತು ಅಂತ" ಎನ್ನುತ್ತಾಳೆ ಅವ್ವ. ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು ಅವಳದಿತ್ತು. ಅದನ್ನು ಹೊಡೆದುಹಾಕಿದ್ದೇನೆ, ಪೆನ್ಸಿಲ್ಲಿನಲ್ಲಿ. ಉಳಿದ ಹನ್ನೊಂದನ್ನು ಈ ಪತ್ರದಲ್ಲಿ ಬರೆದಿಲ್ಲ, ಬದುಕಿರುವವರ ಹೆಸರುಗಳು. ಹೊಲಕ್ಕೆ ಬಂದರೆ ತಮ್ಮ ಕೈಗೇ ಕೊಡುತ್ತೇನೆ. ಬರದಿದ್ದರೆ ಒಂದೊಂದಾಗಿ ತಮಗೆ ಅಂಚೆಯಲ್ಲಿ ಕಳುಹಿಸುವ ಕೆಲಸ ನನಗೆ ಬಾರದಿರಲಿ.

ಇಂತಿ,
ಎರಡು ವರ್ಷ ಬಾಯಿಬಿಡದೆ ಆ ಪೊಟ್ಟಣಗಳನ್ನು ತಂದುಕೊಟ್ಟವಳು,
ಹುಲಿಯಮ್ಮನ ಮಗಳು ಪ್ರಜ್ಞಾ
ಅಜ್ಜಂಪುರ ತಾಲ್ಲೂಕು